ಹಳೇ ಎಂಟಿಬಿ ಫ್ರೇಮಿಗೆ ಹೊಸ ಬಣ್ಣ: ಪೂರ್ತಿ ಕೆರೆಯಬೇಕಾ, ಹೋದಲ್ಲಿ ಮಾತ್ರ ಹಚ್ಚಿದರೆ ಸಾಕಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಸೋದರಮಾವನ ಹಳೇ ಹರ್ಕ್ಯುಲಿಸ್ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ನನ್ನ ಪಾಲಿಗೆ ಬಂದಿದೆ. 90ರ ದಶಕದ ಗಾಡಿ. ಗೇರ್ ಇಲ್ಲ, ಸಸ್ಪೆನ್ಷನ್ ಇಲ್ಲ. ದಪ್ಪ ಟೈರು, ನೇರ ಹ್ಯಾಂಡಲ್, ಅಷ್ಟೇ. ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅಂದರೆ ಉಕ್ಕಿನ ಫ್ರೇಮು.

ಮೊದಲು ಕಡು ಕೆಂಪು ಬಣ್ಣ ಇತ್ತು. ಈಗ ಮೇಲಿನ ಪೈಪು ಬಿಸಿಲಿಗೆ ಮಾಸಿ ಗುಲಾಬಿ ಆಗಿದೆ. ಬ್ರೇಕ್ ಕೇಬಲ್ ಉಜ್ಜಿದ ಜಾಗದಲ್ಲಿ ಲೋಹ ಕಾಣುತ್ತದೆ. ಚೈನ್ ಬಡಿಯುವ ಹಿಂದಿನ ಪೈಪಿನಲ್ಲಂತೂ ಬಣ್ಣವೇ ಉಳಿದಿಲ್ಲ, ಬರೀ ತುಕ್ಕು. ಪೆಡಲಿನ ಅಚ್ಚು ಕೂರುವ ಬಿಬಿ (ಬಾಟಮ್ ಬ್ರ್ಯಾಕೆಟ್) ಹತ್ತಿರ ಬಣ್ಣ ಗುಳ್ಳೆ ಎದ್ದಿದೆ.

ಗಾಡಿ ಓಡಿಸಲು ಈಗಲೂ ಚೆನ್ನಾಗಿದೆ. ಷೋಕೇಸಿಗೆ ಇಡೋಕಲ್ಲ, ದಿನಾ ಓಡಿಸೋಕೇ ಬೇಕು. ಆಯುಧ ಪೂಜೆ ಹೊತ್ತಿಗೆ ಬಣ್ಣ ಮುಗಿಸಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ. ಒಬ್ಬರು ಪೌಡರ್ ಕೋಟಿಂಗ್ ಮಾಡಿಸು ಅನ್ನುತ್ತಾರೆ, ಇನ್ನೊಬ್ಬರು ಎರಡು ಸ್ಪ್ರೇ ಡಬ್ಬಿ ತಂದು ಹೊಡೆದರೆ ಆಯ್ತು ಅನ್ನುತ್ತಾರೆ. ಈ ಕೆಲಸ ಮಾಡಿ ಗೊತ್ತಿರುವವರು ಹೇಳಿ.

ಗ್ಯಾರೇಜ್_ಮೈಸೂರು

ಕಾರು, ಬೈಕಿಗೆ ಬಣ್ಣ ಹೊಡೆಯೋದೇ ನನ್ನ ಕಸುಬು. ಯಾವ ಬಣ್ಣ ಅಂತ ಆಮೇಲೆ ನೋಡೋಣ, ಮೊದಲು ಹಳೇ ಬಣ್ಣ ಏನು ಹೇಳುತ್ತದೆ ನೋಡಿ.

ಬಣ್ಣ ಸವೆದಿರೋದು ಬೇರೆ, ಬಣ್ಣ ಬಿಟ್ಟಿರೋದು ಬೇರೆ. ಮೇಲಿನ ಪೈಪು ಗುಲಾಬಿ ಆಗಿದೆ ಅಂದರಲ್ಲ, ಅದು ಸವೆತ. ಮೇಲ್ಪದರ ಬಿಸಿಲಿಗೆ ಸತ್ತಿದೆ, ಅಡಿಯಲ್ಲಿ ಹಿಡಿತ ಚೆನ್ನಾಗೇ ಇರಬಹುದು. ಗುಳ್ಳೆ ಎದ್ದಿರೋದು ಬಿಟ್ಟಿರೋದಕ್ಕೆ ಗುರುತು. ಬ್ಲೇಡಿನಿಂದ ಬಣ್ಣದ ಮೇಲೆ ಚೌಕಳಿ ಗೆರೆ ಎಳೆಯಿರಿ. ಗಟ್ಟಿ ಟೇಪು ಅಂಟಿಸಿ, ಬೆರಳಿಂದ ತಿಕ್ಕಿ, ಸರಕ್ಕನೆ ಎಳೆಯಿರಿ. ಟೇಪಿಗೆ ಬಣ್ಣ ಬರದಿದ್ದರೆ ಆ ಪದರವನ್ನು ಕಿತ್ತು ಹಾಕಬೇಡಿ. ಫ್ಯಾಕ್ಟರಿಯಲ್ಲಿ ಸುಟ್ಟು ಕೂರಿಸಿದ ಬಣ್ಣಕ್ಕಿಂತ ಒಳ್ಳೇ ಪ್ರೈಮರ್ (ಅಡಿಬಣ್ಣ) ನಿಮಗೆ ಅಂಗಡಿಯಲ್ಲಿ ಸಿಗೋದಿಲ್ಲ. ಹೊಳಪು ಹೋಗುವಷ್ಟು ಉಜ್ಜಿ, ಅದರ ಮೇಲೇ ಹೊಸ ಬಣ್ಣ ಹೊಡೆಯಬಹುದು. ಚಕ್ಕೆ ಎದ್ದು ಬಂದರೆ ಆ ಭಾಗ ಮಾತ್ರ ಲೋಹದವರೆಗೆ ಇಳಿಸಿ.

ಫ್ರೇಮ್ ಪೂರ್ತಿ ಕೆರೆಯೋದು ಕೊನೆಯ ದಾರಿ.

ಸ್ಯಾನ್‌ಹೋಸೆ_ಕನ್ನಡಿಗ

ನನ್ನ ಅಭಿಪ್ರಾಯ ಬೇರೆ. ಬಣ್ಣ ಹೊಡೆಯಲೇಬೇಕಾ ಅಂತ ಒಮ್ಮೆ ಯೋಚಿಸಿ.

ನಾನಿರುವ ಕ್ಯಾಲಿಫೋರ್ನಿಯಾದಲ್ಲೇ ಈ ಸೈಕಲ್ಲುಗಳು ಹುಟ್ಟಿದ್ದು. ಮರಿನ್ ಕೌಂಟಿಯ ಮೌಂಟ್ ತಮಲ್ಪೈಸ್ ಬೆಟ್ಟದ ಹತ್ತಿರ ಒಂದಷ್ಟು ಹುಡುಗರು 1976ರಿಂದ ಹಳೇ ದಪ್ಪ ಟೈರಿನ ಸೈಕಲ್ಲುಗಳಲ್ಲಿ ರಿಪ್ಯಾಕ್ ಅನ್ನೋ ಇಳಿಜಾರು ರೇಸ್ ಶುರು ಮಾಡಿದರು. ಇಳಿಯುವಾಗ ಹಿಂದಿನ ಹಬ್‌ನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು. ಹೆಸರು ಬಂದದ್ದೇ ಅದರಿಂದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ತಂದ ಮೇಲೆ ಈ ಜಾತಿಯ ಸೈಕಲ್ ಸಾಮಾನ್ಯರ ಕೈಗೂ ಬಂತು. ಆ ಕಾಲದ ಫ್ರೇಮು ಯಾರ ಬಳಿಯಾದರೂ ಇದ್ದರೆ, ಗೀಚಿರುವ ಮೂಲ ಬಣ್ಣಕ್ಕೇ ಇಲ್ಲಿ ಬೆಲೆ ಜಾಸ್ತಿ. ಹೊಸದಾಗಿ ಬಣ್ಣ ಹೊಡೆಸಿದ್ದಕ್ಕೆ ಕಡಿಮೆ.

ನಿಮ್ಮದು ಮಾರೋ ಗಾಡಿ ಅಲ್ಲ, ಗೊತ್ತು. ಆದರೂ ಆ ಕೆಂಪಿನ ಮೇಲೆ ನಿಮ್ಮ ಮಾವ ಓಡಿಸಿದ ಗುರುತುಗಳಿವೆ. ರಬ್ಬಿಂಗ್ ಕಾಂಪೌಂಡ್ (ಬಣ್ಣ ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಒಂದು ಕೈ ಉಜ್ಜಿ ನೋಡಿ. ಗುಲಾಬಿ ಪದರದ ಕೆಳಗೆ ಕೆಂಪು ಇನ್ನೂ ಬದುಕಿರುತ್ತದೆ. ಆಮೇಲೆ ವ್ಯಾಕ್ಸ್ ಹಚ್ಚಿ. ಲೋಹ ಕಾಣುವ ಕಡೆ ಮಾತ್ರ ತುಕ್ಕು ತೆಗೆದು ಸಣ್ಣ ಬ್ರಷ್ಷಿನಿಂದ ಬಣ್ಣ ತುಂಬಿದರೆ ಸಾಕು.

ಗ್ಯಾರೇಜ್_ಮೈಸೂರು

ಕಾಂಪೌಂಡ್ ಹಾಕಿ ನೋಡೋದು ಒಳ್ಳೇ ಸಲಹೆ. ಒಂದೇ ಎಚ್ಚರಿಕೆ: ಆಮೇಲೆ ಬಣ್ಣ ಹೊಡೆಯುವ ಯೋಚನೆ ಇದ್ದರೆ ಸಿಲಿಕೋನ್ ಇರುವ ಪಾಲಿಷ್, ಡ್ಯಾಶ್‌ಬೋರ್ಡ್ ಸ್ಪ್ರೇ ಹತ್ತಿರ ಕೂಡ ತರಬೇಡಿ. ಒಂದು ಹನಿ ಉಳಿದರೂ ಹೊಸ ಬಣ್ಣ ಅಲ್ಲಿ ನಿಲ್ಲೋದಿಲ್ಲ. ಗುಂಡಗೆ ತೂತು ತೂತಾಗಿ ಸರಿದುಬಿಡುತ್ತದೆ. ನಾವು ಅದನ್ನು ಮೀನುಗಣ್ಣು ಅಂತೀವಿ.

ಕರಾವಳಿ_ಪೆಡಲ್ (ಉಡುಪಿ)

ಆ ಗುಳ್ಳೆ ಸುಮ್ನೆ ಬಿಡಬೇಡಿ. ನಮ್ಮ ಕಡೆ ಉಪ್ಪು ಗಾಳಿ, ಮಳೆ ಎರಡೂ ಇರೋದರಿಂದ ಇದನ್ನು ದಿನಾ ನೋಡುತ್ತೇವೆ. ಬಿಬಿ ಇರೋದು ಫ್ರೇಮಿನ ತೀರಾ ತಗ್ಗಿನ ಜಾಗ. ಸೀಟಿನ ಪೈಪಿಂದ ಇಳಿದ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಗುಳ್ಳೆ ಹೊರಗೆ ಕಂಡರೂ ಕಾಯಿಲೆ ಒಳಗಿಂದ ಬಂದಿರಬಹುದು. ಬಿಚ್ಚಿ ನೋಡದೆ ಬಣ್ಣ ಹೊಡೆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ಏಳುತ್ತದೆ.

ಬಿಚ್ಚುವಾಗ ಈ ವಿಷಯಗಳು ನೆನಪಿರಲಿ. ಕಾಟರ್ ಪಿನ್ (ಪೆಡಲಿನ ತೋಳಾದ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಪಿನ್) ತೆಗೆಯುವಾಗ ನಟ್ ಪೂರ್ತಿ ಬಿಚ್ಚಬೇಡಿ. ಪಿನ್ನಿನ ತುದಿಗೆ ಸಮವಾಗಿ ನಿಲ್ಲುವಷ್ಟು ಸಡಿಲ ಮಾಡಿ. ಕ್ರ್ಯಾಂಕ್ ಕೆಳಗೆ ಮರದ ತುಂಡು ಆನಿಸಿ, ಒಂದೇ ಗಟ್ಟಿ ಪೆಟ್ಟು ಕೊಡಿ. ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಹೋದರೆ ಪಿನ್ನಿನ ತಲೆ ಅಣಬೆ ಥರ ಅರಳಿಬಿಡುತ್ತದೆ, ಆಮೇಲೆ ಅದು ಬರೋದಿಲ್ಲ. ಹೊಸ ಪಿನ್ ತಂದಿಟ್ಟುಕೊಂಡೇ ಶುರು ಮಾಡಿ. ನಮ್ಮ ಸೈಕಲ್ಲುಗಳ ಬಿಬಿ ಬಹುಪಾಲು ಹಳೇ ಬಿಎಸ್ಎ (ಬ್ರಿಟಿಷ್) ಅಳತೆಯದು. ಚೈನ್ ಬದಿಯ ಕಪ್‌ಗೆ (ಬಾಲ್ಸ್ ಕೂರುವ ಬಟ್ಟಲು) ಉಲ್ಟಾ ಮರೆ (ತಿರುಪಿನ ಎಳೆ) ಇರುತ್ತದೆ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಗೊತ್ತಿಲ್ಲದೆ ಬಿಚ್ಚುತ್ತೇವೆ ಅಂದುಕೊಂಡು ಬಿಗಿ ಮಾಡಿದವರು ಎಷ್ಟೋ ಜನ. ಒಳಗಿನ ಕಾಲು ಇಂಚಿನ ಬಾಲ್ಸ್ ಒಂದು ಬದಿಗೆ 11 ಇರುತ್ತವೆ. ಕೆಳಗೆ ಬಟ್ಟೆ ಹಾಸಿಕೊಳ್ಳಿ.

ಬಿಚ್ಚಿದ ಮೇಲೆ ಬಿಬಿ ಕೆಳಗೆ ಕೊರೆದಿರುವ ನಂಬರಿನ ಫೋಟೋ ತೆಗೆದಿಡಿ. ಹೊಸ ಬಣ್ಣ ದಪ್ಪಗೆ ಕೂತರೆ ಆ ನಂಬರ್ ಓದಲು ಬರೋದಿಲ್ಲ. ಗಾಡಿ ಕಳುವಾದರೆ ನಿಮ್ಮದು ಅಂತ ತೋರಿಸೋಕೆ ಅದು ಬೇಕು.

ತುಂಗಾತೀರ (ಶಿವಮೊಗ್ಗ)

ಬಿಚ್ಚಿದೆ. ಕರಾವಳಿಯವರು ಹೇಳಿದ್ದು ಸರಿ. ಬಿಬಿ ಒಳಗೆ ಗ್ರೀಸು, ಮಣ್ಣು, ತುಕ್ಕು ಸೇರಿ ಕಂದು ಹಿಟ್ಟಿನ ಹಾಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ಒಳಗೆ ಲೋಹ ಗಟ್ಟಿಯಿದೆ, ತೂತು ಬಿದ್ದಿಲ್ಲ. ಹೊರಗೆ ಮೊಳೆಯ ತುದಿಯಿಂದ ಒತ್ತಿ ನೋಡಿದೆ, ಒಳಗೆ ಹೋಗಲಿಲ್ಲ.

ಟೇಪ್ ಪರೀಕ್ಷೆಯನ್ನೂ ಮಾಡಿದೆ. ಮೇಲಿನ ಪೈಪು, ಸೀಟಿನ ಪೈಪಿನಲ್ಲಿ ಬಣ್ಣ ಜಗ್ಗಲಿಲ್ಲ. ಕೆಳಗಿನ ಪೈಪಿನ ತುದಿಯಲ್ಲಿ, ಹಿಂದಿನ ಎರಡು ಪೈಪುಗಳಲ್ಲಿ ಚಕ್ಕೆ ಚಕ್ಕೆಯಾಗಿ ಬಂತು. ಕಾಂಪೌಂಡ್ ಹಾಕಿದರೆ ಕೆಂಪು ನಿಜವಾಗಿಯೂ ತಿರುಗಿ ಬಂತು, ಚೆನ್ನಾಗಿದೆ. ಆದರೆ ಕೆಳಗಿನ ಅರ್ಧ ಫ್ರೇಮಿಗೆ ಹೇಗೂ ಹೊಸ ಬಣ್ಣ ಬೇಕು. ಮೇಲಿನ ಹಳೇ ಕೆಂಪಿಗೆ ಅದು ಹೊಂದೋದಿಲ್ಲ ಅನ್ನಿಸುತ್ತಿದೆ. ಹೀಗಾಗಿ ಪೂರ್ತಿ ಬಣ್ಣ ಹೊಡೆಯೋದೇ ಅಂತ ತೀರ್ಮಾನ ಮಾಡಿದೆ.

ತುರಹಳ್ಳಿ_ಟ್ರೇಲ್ (ಬೆಂಗಳೂರು)

ಬಣ್ಣಕ್ಕೆ ಕೈ ಹಾಕುವ ಮುಂಚೆ ಬಿರುಕು ಇದೆಯಾ ನೋಡಿಕೊಳ್ಳಿ. ಕಲ್ಲಿನ ಮೇಲೆ ಓಡಿಸುವ ನಮಗೆ ಇದು ಜೀವದ ಪ್ರಶ್ನೆ. ಹ್ಯಾಂಡಲ್ ಪೈಪಿಗೆ ಕೆಳಗಿನ ಪೈಪು ಸೇರುವ ಜಾಗ, ಅದರ ಅಡಿಭಾಗ. ಸೀಟ್ ಕ್ಲ್ಯಾಂಪಿನ ಸೀಳು ಮುಗಿಯುವ ತುದಿ. ಹಿಂದಿನ ಚಕ್ರ ಕೂರುವ ಡ್ರಾಪ್‌ಔಟಿನ ಬೆಸುಗೆ. ಬಣ್ಣದಲ್ಲಿ ಕೂದಲಿನಂಥ ಗೆರೆ, ಆ ಗೆರೆಯಿಂದಲೇ ತುಕ್ಕು ಒಸರಿದ್ದರೆ ಅನುಮಾನ ಪಡಿ. ಅಲ್ಲಿ ಲೋಹದವರೆಗೆ ಉಜ್ಜಿ ನೋಡಿ. ಬಣ್ಣದ ಬಿರುಕಾದರೆ ಉಜ್ಜಿದಾಗ ಮಾಯವಾಗುತ್ತದೆ. ಲೋಹದ ಬಿರುಕಾದರೆ ಉಳಿಯುತ್ತದೆ.

ಆಗಲೂ ಗೊತ್ತಾಗದಿದ್ದರೆ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಡೈ ಪೆನೆಟ್ರೆಂಟ್ ಕಿಟ್ ಸಿಗುತ್ತದೆ, ಮೂರು ಸ್ಪ್ರೇ ಡಬ್ಬಿ. ಒಂದರಿಂದ ತೊಳೆದು, ಕೆಂಪು ದ್ರವ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಹೊಡೆಯಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಯಾವ ಕಾರಣಕ್ಕೂ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯಬೇಡಿ.

ಪೀಣ್ಯ_ಪೌಡರ್ (ಬೆಂಗಳೂರು)

ಪೌಡರ್ ಕೋಟಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತೇನೆ. ಅದರ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳುತ್ತೇನೆ.

ಫ್ರೇಮನ್ನು ಅರ್ಥಿಂಗ್ ಮಾಡಿ ನೇತುಹಾಕಿ, ವಿದ್ಯುತ್ ಚಾರ್ಜ್ ಇರುವ ಪುಡಿ ಊದುತ್ತೇವೆ. ಪುಡಿ ತಾನಾಗೇ ಲೋಹಕ್ಕೆ ಅಂಟುತ್ತದೆ. ಆಮೇಲೆ ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಪದರ ಸುಮಾರು 60ರಿಂದ 80 ಮೈಕ್ರಾನ್ ಬರುತ್ತದೆ. ಥಿನ್ನರ್ ವಾಸನೆ ಇಲ್ಲ, ಒಣಗಲಿ ಅಂತ ವಾರಗಟ್ಟಲೆ ಕಾಯಬೇಕಿಲ್ಲ, ತಣ್ಣಗಾದ ತಕ್ಷಣ ಜೋಡಿಸಬಹುದು. ದಿನಾ ಓಡಿಸೋ ಉಕ್ಕಿನ ಫ್ರೇಮಿಗೆ ನನ್ನ ಮೊದಲ ಆಯ್ಕೆ ಇದೇ. ಈ ಬಿಸಿಗೆ ಬೆಸುಗೆ ಸಡಿಲ ಆಗುತ್ತದೆ ಅಂತ ಕೆಲವರು ಹೆದರುತ್ತಾರೆ. ಹಿತ್ತಾಳೆ ಬೆಸುಗೆ ಕರಗೋದು 850 ಡಿಗ್ರಿಗೂ ಮೇಲೆ. ಆ ಭಯ ಬೇಡ.

ಕೊಡುವ ಮುಂಚೆ ಇಷ್ಟು ಕೇಳಿ. ಪುಡಿ ಪ್ಯೂರ್ ಪಾಲಿಯೆಸ್ಟರಾ ಅಂತ ಕೇಳಿ. ಬೀರು, ಕಪಾಟುಗಳಿಗೆ ಬಳಸುವ ಎಪಾಕ್ಸಿ ಬೆರೆತ ಪುಡಿ ಬಿಸಿಲಿಗೆ ನಿಲ್ಲೋದಿಲ್ಲ, ಸುಣ್ಣದ ಹಾಗೆ ಪುಡಿಪುಡಿಯಾಗುತ್ತದೆ. ಎಷ್ಟೋ ಕಡೆ ದಿನದ ಕೆಲಸ ಬೀರುಗಳದ್ದೇ ಆಗಿರೋದರಿಂದ ಕೇಳದಿದ್ದರೆ ಅದೇ ಬೀಳುತ್ತದೆ. ಎರಡನೆಯದು, ಟ್ಯಾಂಕಿನ ವಿಷಯ. ತುಕ್ಕು ತೆಗೆಯಲು ಆಸಿಡ್ ಟ್ಯಾಂಕಿನಲ್ಲಿ ಮುಳುಗಿಸುವ ಪದ್ಧತಿ ನಮ್ಮಲ್ಲಿ ಸಾಮಾನ್ಯ. ತಗಡಿನ ಸಾಮಾನಿಗೆ ಅದು ಸರಿ. ಸೈಕಲ್ ಪೈಪುಗಳಲ್ಲಿ ವೆಲ್ಡಿಂಗ್ ಗಾಳಿ ಹೋಗಲು ಸಣ್ಣ ತೂತುಗಳಿರುತ್ತವೆ. ಅದರಿಂದ ಆಸಿಡ್ ಒಳಗೆ ಹೋಗಿ ಅಲ್ಲೇ ಕೂತರೆ ಹೊರಗೆ ಫಳಫಳ, ಒಳಗೆ ತುಕ್ಕು. ಆದ್ದರಿಂದ ಬ್ಲಾಸ್ಟಿಂಗ್ (ಮರಳು ಊದಿ ತುಕ್ಕು ತೆಗೆಯೋದು) ಮಾಡುವ ಕಡೆ ಕೊಡಿ. ಅಲ್ಲೂ ಸಣ್ಣ ಮರಳು, ಕಡಿಮೆ ಒತ್ತಡ ಅಂತ ಹೇಳಿ. ಹರ್ಕ್ಯುಲಿಸ್ ಪೈಪು ದಪ್ಪ, ತಡೆಯುತ್ತದೆ. ಒಳ್ಳೇ ಕ್ರೋಮೋಲಿ (ಮಿಶ್ರ ಉಕ್ಕು) ಫ್ರೇಮಿನ ಪೈಪು ನಡುವೆ 0.6 ಮಿಲಿಮೀಟರ್ ಆಸುಪಾಸು ಇರುತ್ತದೆ. ಅದನ್ನು ಜೋರಾಗಿ ಬ್ಲಾಸ್ಟ್ ಮಾಡಿದರೆ ಲೋಹವನ್ನೇ ತಿಂದುಬಿಡುತ್ತದೆ.

ಇನ್ನೊಂದು: ಬಿಬಿ ಮರೆಗೆ, ಹ್ಯಾಂಡಲ್ ಪೈಪಿನ ಒಳಗೆ, ಸೀಟ್ ಪೈಪಿನ ಒಳಗೆ ಶಾಖ ತಡೆಯುವ ಸಿಲಿಕೋನ್ ಬಿರಡೆ ಹಾಕಿಸಿ. ಯೂನಿಟ್ಟಿನವರೇ ಹಾಕುತ್ತಾರೆ ಅಂತ ನಂಬಬೇಡಿ, ನೀವೇ ಎದುರಿಗೆ ನಿಂತು ಹಾಕಿಸಿ.

ತುರಹಳ್ಳಿ_ಟ್ರೇಲ್ (ಬೆಂಗಳೂರು)

ಕೊನೆಯ ಮಾತು ನೂರಕ್ಕೆ ನೂರು ನಿಜ. ಒಂದು ಯೂನಿಟ್ಟಿಗೆ ಕೊಟ್ಟ ನನ್ನ ಹಳೇ ಫ್ರೇಮು ಬಿಬಿ ಮರೆಯೆಲ್ಲ ಪೌಡರ್ ತುಂಬಿಕೊಂಡು ವಾಪಸ್ ಬಂತು. ಕಪ್ ಒಂದು ಸುತ್ತೂ ಹೋಗಲಿಲ್ಲ. ಮರೆ ಕತ್ತರಿಸುವ ಟ್ಯಾಪ್ ಇರುವ ಸೈಕಲ್ ಅಂಗಡಿ ಹುಡುಕಿ ತೆಗೆಸಬೇಕಾಯಿತು. ಅಂಥ ಟ್ಯಾಪ್ ಎಲ್ಲ ಊರಲ್ಲೂ ಸಿಗೋದಿಲ್ಲ.

ನನ್ನದೂ ಒಂದು ಪ್ರಶ್ನೆ ಇದೆ. ಅಲ್ಯೂಮಿನಿಯಂ ಫ್ರೇಮಿಗೂ ಇದೆಲ್ಲ ಹೀಗೇನಾ?

ಗ್ಯಾರೇಜ್_ಮೈಸೂರು

ಅಲ್ಯೂಮಿನಿಯಂಗೆ ಕೆಲವು ನಿಯಮ ಬೇರೆ. ಕಾಸ್ಟಿಕ್ ಸೋಡಾ ಹತ್ತಿರ ತರಲೇಬೇಡಿ. ಹಳೇ ಬಣ್ಣ ತೆಗೆಯೋಕೆ ಉಕ್ಕಿಗೆ ಅದನ್ನು ಬಳಸುತ್ತಾರೆ, ಅಲ್ಯೂಮಿನಿಯಂ ಅನ್ನು ಅದು ಕರಗಿಸುತ್ತದೆ, ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ಕಬ್ಬಿಣದ ತಂತಿ ಬ್ರಷ್ಷೂ ಬೇಡ. ಉಜ್ಜಿದ ತಕ್ಷಣ ಎಚ್ (etch, ಲೋಹವನ್ನು ಕಚ್ಚಿ ಹಿಡಿಯುವ) ಪ್ರೈಮರ್ ಹೊಡೆಯಬೇಕು, ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಅದಕ್ಕೆ ಹಿಡಿಯೋದಿಲ್ಲ. ಕಾರ್ಬನ್ ಫ್ರೇಮ್ ಆದರೆ ಪೇಂಟ್ ರಿಮೂವರ್, ಓವನ್ ಎರಡೂ ಬೇಡ. ಪೈಪನ್ನು ಹಿಡಿದಿಟ್ಟಿರುವ ರಾಳವೇ ಹಾಳಾಗುತ್ತದೆ.

ಪೌಡರ್ ಬಗ್ಗೆ ನನ್ನದೊಂದು ತಕರಾರಿದೆ. ಗಟ್ಟಿ ಅನ್ನೋದು ನಿಜ. ಆದರೆ ಕಲ್ಲು ಬಡಿದು ಒಂದು ಕಡೆ ಬಿಟ್ಟರೆ ನೀರು ಅಡಿಯಲ್ಲಿ ಹರಿದು ಹೋಗುತ್ತದೆ. ಮೇಲೆ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ತುಕ್ಕು ಹಬ್ಬಿರುತ್ತದೆ. ಮನೆಯಲ್ಲಿ ಕೂತು ಅಷ್ಟೇ ಭಾಗ ಸರಿ ಮಾಡೋಕೂ ಆಗೋದಿಲ್ಲ. ಬಿಬಿ ಹಿಂದೆ, ಎರಡು ಪೈಪುಗಳು ಕೂಡುವ ಇಕ್ಕಟ್ಟಿಗೆ ಪುಡಿ ಸರಿಯಾಗಿ ಇಳಿಯೋದೂ ಇಲ್ಲ.

ಪೀಣ್ಯ_ಪೌಡರ್ (ಬೆಂಗಳೂರು)

ಇಕ್ಕಟ್ಟಿನ ಮಾತು ಒಪ್ಪುತ್ತೇನೆ, ಚಾರ್ಜ್ ಆದ ಪುಡಿ ಅಂಚಿಗೇ ಅಂಟುತ್ತದೆ, ಮೂಲೆಗೆ ಹೋಗೋದಿಲ್ಲ. ತಿಳಿದ ಕೆಲಸಗಾರ ವೋಲ್ಟೇಜ್ ಇಳಿಸಿ ಮೊದಲು ಮೂಲೆಗೇ ಹೊಡೆಯುತ್ತಾನೆ. ಅಡಿಯಲ್ಲಿ ಜಿಂಕ್ ಪ್ರೈಮರ್ ಪೌಡರ್ ಒಂದು ಪದರ ಹಾಕಿಸಿದರೆ ತುಕ್ಕು ಹಬ್ಬೋದೂ ಕಡಿಮೆ. ಎಲ್ಲರೂ ಇಷ್ಟು ಮಾಡೋದಿಲ್ಲ ಅನ್ನೋದು ನಿಜ.

ತುಂಗಾತೀರ (ಶಿವಮೊಗ್ಗ)

ಇಬ್ಬರಿಗೂ ಧನ್ಯವಾದ. ನಮ್ಮೂರಲ್ಲಿ ಕೇಳಿದೆ. ಬೀರು ಮಾಡುವ ಕಡೆ ಪೌಡರ್ ಇದೆ, ಬ್ಲಾಸ್ಟಿಂಗ್ ಇಲ್ಲ, ಆಸಿಡ್ ಟ್ಯಾಂಕ್ ಮಾತ್ರ. ಹಾಗಾಗಿ ಮನೆಯಲ್ಲೇ ಸ್ಪ್ರೇ ಮಾಡುತ್ತೇನೆ. ಕೈಯಾರೆ ಮಾಡಬೇಕು ಅನ್ನೋ ಆಸೆಯೂ ಇದೆ. ಗ್ಯಾರೇಜ್ ಅಣ್ಣ, ಶುರುವಿಂದ ಹೇಳುತ್ತೀರಾ? ಹಳೇ ಬಣ್ಣ ಕೆರೆಯೋದರಿಂದ.

ಗ್ಯಾರೇಜ್_ಮೈಸೂರು

ಸರಿ, ಕೂತು ಬರೆಯುತ್ತೇನೆ. ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜೋದೇ. ಬಣ್ಣ ಹೊಡೆಯೋದು ಕೊನೆಯ ಒಂದೆರಡು ಗಂಟೆ.

90ರ ದಶಕದ ಬಣ್ಣ ಅಂದರೆ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ನಮ್ಮ ದೇಶದಲ್ಲಿ ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90) ಮೀರಬಾರದು ಅಂತ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ವಾಟರ್ ಪೇಪರ್ (ನೀರಿಗೆ ಹಾಳಾಗದ ಮರಳು ಕಾಗದ) ಬಳಸಿ, ನೀರು ಹಾಕುತ್ತಾ ಉಜ್ಜಿ. ಮಾಸ್ಕ್ ಹಾಕಿ. ಮಕ್ಕಳು ಆಡುವ ಅಂಗಳದಲ್ಲಿ ಮಾಡಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಆ ಕೆಸರನ್ನು ಒಣಗಿಸಿ ಕಟ್ಟಿ ಬಿಸಾಡಿ. ಚರಂಡಿಗೆ, ಗಿಡಕ್ಕೆ ಬಿಡಬೇಡಿ.

ಬಣ್ಣ ಬಿಟ್ಟಿರುವ ಭಾಗಕ್ಕೆ 120 ನಂಬರಿನ ಒರಟು ಪೇಪರ್. ಲೋಹ ಕಾಣುವವರೆಗೆ ಇಳಿಸಿ. ಗಟ್ಟಿ ಇರುವ ಹಳೇ ಬಣ್ಣಕ್ಕೆ ಅದಕ್ಕಿಂತ ನುಣುಪಾದ 320. ಈಗ ಮುಖ್ಯ ವಿಷಯ: ಲೋಹ ಮುಗಿದು ಹಳೇ ಬಣ್ಣ ಶುರುವಾಗುವ ಅಂಚಿನಲ್ಲಿ ಒಂದು ಮೆಟ್ಟಿಲು ಇರುತ್ತದೆ. ಕಣ್ಣಿಗೆ ಕಾಣೋದಿಲ್ಲ. ಕಣ್ಣು ಮುಚ್ಚಿ ಉಗುರು ಆಡಿಸಿದರೆ ತಡೆಯುತ್ತದೆ. ಉಗುರಿಗೆ ತಡೆಯದಷ್ಟು ಇಳಿಜಾರು ಆಗುವ ತನಕ ಉಜ್ಜಿ. ಸರಿಯಾಗಿ ಇಳಿದಿದ್ದರೆ ಅಂಚಿನಲ್ಲಿ ಪದರಗಳು ಬಳೆಯಂತೆ ಕಾಣುತ್ತವೆ: ಬೆಳ್ಳಿ ಲೋಹ, ಬೂದು ಪ್ರೈಮರ್, ಅದರಾಚೆ ಕೆಂಪು. ಪ್ರತಿ ಬಳೆ ಅಗಲವಾಗಿದ್ದಷ್ಟೂ ಒಳ್ಳೆಯದು. ಕಿರಿದಾಗಿದ್ದರೆ ಅಲ್ಲಿ ಮೆಟ್ಟಿಲು ಇನ್ನೂ ಇದೆ. ಇದನ್ನು ಬಿಟ್ಟರೆ ಹೊಸ ಬಣ್ಣದ ಹೊಳಪಿನಲ್ಲಿ ಆ ಗೆರೆ ಎದ್ದು ಕಾಣುತ್ತದೆ, ಎಷ್ಟು ಕೋಟ್ ಹಾಕಿದರೂ ಮುಚ್ಚೋದಿಲ್ಲ.

ಬೆಸುಗೆ ಸಂದುಗಳಿಗೆ ಪೇಪರನ್ನು ಪಟ್ಟಿ ಮಾಡಿ, ಷೂ ಪಾಲಿಷ್ ಹೊಡೆಯುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಳೆದಾಡಿ.

ತುಕ್ಕಿನ ಗುಳಿಗಳಿದ್ದರೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಬ್ರಷ್ಷಿನಿಂದ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಿರಿ. ಕೈಗವಸು ಬೇಕು. ತೊಳೆದ ಮೇಲೆ ಹೇರ್ ಡ್ರೈಯರಿನಿಂದ ಸಂದುಸಂದಲ್ಲೂ ಒಣಗಿಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಸಾಕು, ನಿಮ್ಮ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. ನಿಮ್ಮ ಶಿವಮೊಗ್ಗದ ತೇವಕ್ಕೆ ಬರೀ ಉಕ್ಕು ರಾತ್ರಿ ಕಳೆಯುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು.

ಸ್ಯಾನ್‌ಹೋಸೆ_ಕನ್ನಡಿಗ

ಒಂದು ಸೇರಿಸುತ್ತೇನೆ. ಪೇಂಟ್ ರಿಮೂವರ್ ಹಚ್ಚಿ ಸುಲಭವಾಗಿ ಮುಗಿಸೋಣ ಅನ್ನಿಸಿದರೆ ಡಬ್ಬಿಯ ಮೇಲೆ ಮಿಥಿಲೀನ್ ಕ್ಲೋರೈಡ್ ಅಂತ ಇದೆಯಾ ನೋಡಿ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿದು ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಲ್ಲೇ ಮನೆ ಬಳಕೆಗೆ ಅದನ್ನು ಮಾರೋದು ನಿಷೇಧ ಆಯಿತು. ಮಾಮೂಲಿ ರಬ್ಬರ್ ಕೈಗವಸಿನ ಮೂಲಕವೂ ಒಳಗೆ ಇಳಿಯುತ್ತದೆ. ನಿಮ್ಮ ಫ್ರೇಮಿಗೆ ಅದು ಬೇಕಾಗಿಯೇ ಇಲ್ಲ, ಅರ್ಧ ಬಣ್ಣ ಗಟ್ಟಿಯಾಗೇ ಇದೆಯಲ್ಲ.

ಮೂಲ ಬಣ್ಣ ಹೋಗುತ್ತಿದೆ ಅಂತ ನನಗೆ ಸ್ವಲ್ಪ ಬೇಜಾರೇ. ಕನಿಷ್ಠ ಹ್ಯಾಂಡಲ್ ಪೈಪಿನ ಮೇಲಿನ ಲೋಹದ ಬ್ಯಾಡ್ಜ್ ಉಳಿಸಿ.

ತುಂಗಾತೀರ (ಶಿವಮೊಗ್ಗ)

ಬ್ಯಾಡ್ಜ್ ತೆಗೆದು ಭದ್ರವಾಗಿ ಇಟ್ಟಿದ್ದೇನೆ. ರಿವೆಟ್ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಬಂತು. ಬಣ್ಣವೂ ಅದೇ ಕೆಂಪು ಇರಲಿ ಅಂತ ಮಾವ ಹೇಳಿದ್ದಾರೆ. ಬ್ಯಾಡ್ಜ್ ಕೆಳಗೆ ಬಿಸಿಲೇ ಕಾಣದ ಕೆಂಪು ಸಿಕ್ಕಿತು. ಅದನ್ನೇ ಬಣ್ಣದ ಅಂಗಡಿಗೆ ತೋರಿಸಿ ಹೊಂದಿಸಿದೆವು.

ಉಜ್ಜೋದು ಮುಗಿಯಿತು. ಉಗುರಿನ ಪರೀಕ್ಷೆ ದೊಡ್ಡ ಉಪಕಾರ. ಸರಿಯಾಗಿದೆ ಅಂದುಕೊಂಡ ಕಡೆಯೆಲ್ಲ ಮೆಟ್ಟಿಲು ಸಿಕ್ಕಿತು.

ಗ್ಯಾರೇಜ್_ಮೈಸೂರು

ಒಳ್ಳೇದು. ಈಗ ಬಣ್ಣ.

ಎಲ್ಲಕ್ಕಿಂತ ಮೊದಲು, ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಮೂರೂ ಒಂದೇ ಜಾತಿಯದಿರಲಿ. ಸಾಧ್ಯವಾದರೆ ಒಂದೇ ಕಂಪನಿಯದೇ ತಗೊಳ್ಳಿ. ಎನಾಮೆಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬೆರೆಸಿದ ಬಣ್ಣ ಹೊಡೆದರೆ ಅಡಿಯದು ಸುಕ್ಕುಗಟ್ಟಿ ಏಳುತ್ತದೆ. ಕಾರಿಗೆ ಹೊಡೆಯುವ 2ಕೆ ಬಣ್ಣ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಎಲ್ಲಕ್ಕಿಂತ ಗಟ್ಟಿ, ಪೆಟ್ರೋಲ್ ಬಿದ್ದರೂ ಜಗ್ಗೋದಿಲ್ಲ. ಆದರೆ ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಅದರಿಂದ ಬರುವ ಉಬ್ಬಸ ಜೀವನಪೂರ್ತಿ ಬಿಡೋದಿಲ್ಲ. ನಮ್ಮ ಕಸುಬಿನವರೇ ಎಷ್ಟೋ ಜನ ಅನುಭವಿಸಿದ್ದಾರೆ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇಲ್ಲದೆ ಮನೆಯಲ್ಲಿ ಅದನ್ನು ಹೊಡೆಯಬೇಡಿ. ಕ್ಲಿಯರ್ ಮಾತ್ರ 2ಕೆ ಬೇಕು ಅನ್ನಿಸಿದರೆ ಫ್ರೇಮ್ ತಗೊಂಡು ಯಾವುದಾದರೂ ಪೇಂಟಿಂಗ್ ಬೂತಿಗೆ ಹೋಗಿ, ಕಾರಿನ ಕೆಲಸದ ಜೊತೆಗೇ ಹೊಡೆದುಕೊಡುತ್ತಾರೆ.

ಹವೆ ನೋಡಿ. ಗಾಳಿಯ ತೇವ ಶೇ. 85 ದಾಟಿದ ದಿನ ಡಬ್ಬಿ ಮುಟ್ಟಬೇಡಿ. ಬಣ್ಣ ಒಣಗುವಾಗ ತಣ್ಣಗಾಗುತ್ತದೆ, ಆ ತಂಪಿಗೆ ಗಾಳಿಯ ನೀರು ಬಂದು ಕೂತು ಹೊಳಪೆಲ್ಲ ಬಿಳಿಚಿಕೊಳ್ಳುತ್ತದೆ. ಮಳೆ ಹೊಳವಾದ ದಿನ, ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ, ಮಧ್ಯಾಹ್ನ ಮೂರರ ಒಳಗೆ ಮುಗಿಸಿ. ನೇರ ಬಿಸಿಲಲ್ಲಿ ಬೇಡ, ನೆರಳಲ್ಲಿ.

ಫ್ರೇಮನ್ನು ಹ್ಯಾಂಡಲ್ ಪೈಪಿನೊಳಗೆ ಬಿದಿರು ಕೋಲು ತೂರಿಸಿ ನೇತುಹಾಕಿ. ಎರಡು ಶುದ್ಧ ಬಟ್ಟೆ ತಗೊಳ್ಳಿ. ಒಂದಕ್ಕೆ ಥಿನ್ನರ್ ಹಾಕಿ ಒರೆಸಿ, ಆರುವ ಮುಂಚೆಯೇ ಇನ್ನೊಂದರಿಂದ ಒರೆಸಿ ತೆಗೆಯಿರಿ. ಆರಲು ಬಿಟ್ಟರೆ ಜಿಡ್ಡು ಅಲ್ಲೇ ಉಳಿಯುತ್ತದೆ. ಹಳೇ ಬಣ್ಣದ ಮೇಲೆ ಜೋರಾಗಿ ತಿಕ್ಕಬೇಡಿ, ಮೆದುವಾಗಿಬಿಡುತ್ತದೆ.

ಮೊದಲು ಇಕ್ಕಟ್ಟು ಜಾಗಗಳಿಗೆ: ಬಿಬಿ ಸುತ್ತ, ಸಂದುಗಳು, ಫ್ರೇಮಿನ ಅಡಿಭಾಗ. ಆಮೇಲೆ ಉದ್ದ ಪೈಪುಗಳು. ದೂರ 20ರಿಂದ 25 ಸೆಂಟಿಮೀಟರ್. ಪೈಪಿನ ಹೊರಗೆ ಬಟನ್ ಒತ್ತಿ, ಪೈಪಿನ ಮೇಲೆ ಹಾದು, ಆ ಕಡೆ ಹೊರಗೆ ಹೋದ ಮೇಲೆ ಬಿಡಿ. ಪೈಪಿನ ಮೇಲೆ ಒಂದೇ ಕಡೆ ನಿಲ್ಲಿಸಿ ಒತ್ತಿದರೆ ಬಣ್ಣ ಸೋರಿ ಇಳಿಯುತ್ತದೆ. ಮೊದಲ ಕೋಟ್ ಬರೀ ಮಂಜು ಬಿದ್ದಂತೆ, ಅಡಿಯದು ಕಾಣುತ್ತಿರಬೇಕು. ಇಲ್ಲೇ ಎಲ್ಲರಿಗೂ ಆತುರ. ಕೋಟ್ ನಡುವಿನ ಹೊತ್ತು ಡಬ್ಬಿ ಹೇಳಿದಂತೆ. ಪ್ರೈಮರ್ ಒಣಗಿದ ಮೇಲೆ ಪೆನ್ಸಿಲಿನಿಂದ ಎಲ್ಲ ಕಡೆ ಮೆಲ್ಲಗೆ ಗೀಚಿ, 600ರ ವಾಟರ್ ಪೇಪರಿನಿಂದ ಉಜ್ಜಿ. ಗೀಚು ಉಳಿದ ಕಡೆ ತಗ್ಗಿದೆ ಅಂತ ಅರ್ಥ.

ಕೆಂಪು ಬಣ್ಣ ಬೇಗ ಮುಚ್ಚೋದಿಲ್ಲ. ಅಡಿಯಲ್ಲಿ ಒಂದು ಕಡೆ ಬೂದು, ಇನ್ನೊಂದು ಕಡೆ ಹಳೇ ಕೆಂಪು ಇದ್ದರೆ ಮೇಲೆ ಎರಡು ಕೆಂಪು ಕಾಣುತ್ತದೆ. ಫ್ರೇಮಿಗೆಲ್ಲ ಒಂದೇ ಬಣ್ಣದ ಪ್ರೈಮರ್ ಹೊಡೆಯಿರಿ.

ಬಯಲುಸೀಮೆ_ಸವಾರ (ಚಿತ್ರದುರ್ಗ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಹಳ್ಳಿಯಲ್ಲಿ ಸ್ಪ್ರೇ ಡಬ್ಬಿ ಸಿಗೋದಿಲ್ಲ. ಬ್ರಷ್ಷಿನಲ್ಲಿ ಹೊಡೆದರೆ ಆಗೋದೇ ಇಲ್ವಾ?

ಗ್ಯಾರೇಜ್_ಮೈಸೂರು

ಧಾರಾಳವಾಗಿ ಆಗುತ್ತದೆ. ಕಿಟಕಿ ಸರಳಿಗೆ ಹೊಡೆಯುವ ಸಿಂಥೆಟಿಕ್ ಎನಾಮೆಲ್ ತಗೊಳ್ಳಿ, ಟರ್ಪೆಂಟೈನ್ ಸ್ವಲ್ಪ ಹಾಕಿ ತೆಳು ಮಾಡಿ. ಮೆತ್ತನೆ ಕೂದಲಿನ ಒಳ್ಳೇ ಬ್ರಷ್ ಇರಲಿ. ತೆಳ್ಳಗೆ ಎರಡು ಕೋಟ್, ನಡುವೆ ಒಂದು ದಿನ, 400ರಲ್ಲಿ ಉಜ್ಜಿ. ಹಚ್ಚಿದ ಬಣ್ಣ ತಾನಾಗಿ ಹರಡಿ ಬ್ರಷ್ಷಿನ ಗೆರೆ ಬಹುಪಾಲು ಮಾಯವಾಗುತ್ತದೆ. ಅಡಿಗೆ ರೆಡ್ ಆಕ್ಸೈಡ್ ಹಾಕಿದರೆ ಅಷ್ಟಕ್ಕೇ ಬಿಟ್ಟು ಓಡಿಸಬೇಡಿ. ಅದು ನೀರು ಹೀರುತ್ತದೆ, ಮೇಲೆ ಬಣ್ಣ ಬೇಕೇ ಬೇಕು.

ಕರಾವಳಿ_ಪೆಡಲ್ (ಉಡುಪಿ)

ಹೊರಗಿನದು ಆಯ್ತು, ಒಳಗಿನದು ಮರೆಯಬೇಡಿ. ಬಣ್ಣ ಪೂರ್ತಿ ಒಣಗಿದ ಮೇಲೆ, ಜೋಡಿಸುವ ಮುಂಚೆ, ಬಾಯ್ಲ್ಡ್ ಅಗಸೆ ಎಣ್ಣೆಯನ್ನು ಪೈಪುಗಳ ಒಳಗೆ ಸುರಿದು, ಫ್ರೇಮನ್ನು ನಾಲ್ಕೂ ಕಡೆ ತಿರುಗಿಸಿ, ಉಳಿದದ್ದನ್ನು ಸುರಿದುಬಿಡಿ. ಗಾಳಿಗೆ ಅದು ಒಣಗಿ ಒಳಗೆ ಒಂದು ಪೊರೆ ಕಟ್ಟುತ್ತದೆ. ಹಸಿ ಎಣ್ಣೆ ಬೇಡ, ತುಂಬಾ ದಿನ ಅಂಟು ಅಂಟಾಗೇ ಇರುತ್ತದೆ. ಬಣ್ಣಕ್ಕೆ ಮುಂಚೆ ಹಾಕಬೇಡಿ, ತೂತುಗಳಿಂದ ಒಸರಿ ಬಣ್ಣ ಕೆಡಿಸುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಇದನ್ನು ದಯವಿಟ್ಟು ಗಮನಿಸಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.

ತುಂಗಾತೀರ (ಶಿವಮೊಗ್ಗ)

ಕೆಂಪು ಬಿತ್ತು! ನೆರಳಲ್ಲಿ ಸಾದಾ, ಬಿಸಿಲಿಗೆ ತಂದರೆ ಉರಿಯುತ್ತದೆ. ಮಾವ ನೋಡಿ ಪೈಪಿನ ಮೇಲೆ ಕೈ ಆಡಿಸಿದರು, ಏನೂ ಮಾತಾಡಲಿಲ್ಲ, ಫೋಟೋ ತೆಗೆದುಕೊಂಡು ಅತ್ತೆಗೆ ಕಳಿಸಿದರು. ಸೀಟಿನ ಪೈಪಿನಲ್ಲಿ ಒಂದು ಕಡೆ ಸ್ವಲ್ಪ ಇಳಿದಿತ್ತು. ಒಣಗಲು ಬಿಟ್ಟು 600ರಲ್ಲಿ ಉಜ್ಜಿ ಮತ್ತೆ ಹೊಡೆದೆ. ಈಗ ಗೊತ್ತಾಗೋದಿಲ್ಲ.

ಆಯುಧ ಪೂಜೆ ಹತ್ತಿರ ಬಂತು. ಅಷ್ಟರಲ್ಲಿ ಜೋಡಿಸಬಹುದಾ?

ಗ್ಯಾರೇಜ್_ಮೈಸೂರು

ಮುಟ್ಟಿದರೆ ಅಂಟದು ಅಂದ ಮಾತ್ರಕ್ಕೆ ಗಟ್ಟಿಯಾಗಿದೆ ಅಂತಲ್ಲ. ಸ್ಪ್ರೇ ಡಬ್ಬಿಯ ಬಣ್ಣ ಪೂರ್ತಿ ಗಟ್ಟಿಯಾಗೋಕೆ ವಾರಗಳೇ ಬೇಕು. ಕಾಣದ ಜಾಗದಲ್ಲಿ ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೂ ಹಸಿ. ಹಸಿ ಬಣ್ಣದ ಮೇಲೆ ಕ್ಲ್ಯಾಂಪ್ ಬಿಗಿದರೆ ಅಚ್ಚು ಒತ್ತಿದ ಹಾಗೆ ಕೂತುಬಿಡುತ್ತದೆ.

ಪೂಜೆಗೆ ಬರೀ ಫ್ರೇಮನ್ನೇ ಇಡಿ, ಏನು ತಪ್ಪು? ಹೂವು ಹಾಕಿ. ಅರಿಸಿನ, ಕುಂಕುಮ ಬಣ್ಣಕ್ಕೆ ನೇರ ಹಚ್ಚಬೇಡಿ, ಹಸಿ ಬಣ್ಣಕ್ಕೆ ಕಲೆ ಕೂತರೆ ಹೋಗೋದಿಲ್ಲ. ಬ್ಯಾಡ್ಜ್ ಪಕ್ಕದಲ್ಲಿಟ್ಟು ಅದಕ್ಕೆ ಹಚ್ಚಿ.

ತುಂಗಾತೀರ (ಶಿವಮೊಗ್ಗ)

ಹಾಗೇ ಮಾಡಿದೆವು. ಅಮ್ಮ ಚೆಂಡುಹೂವಿನ ಹಾರ ಹಾಕಿದರು, ಬ್ಯಾಡ್ಜಿಗೆ ಕುಂಕುಮ. ಜೋಡಿಸೋದು ದೀಪಾವಳಿ ಮೇಲೆ. ಚೈನ್ ಬಡಿದು ಮತ್ತೆ ಬಣ್ಣ ಹೋಗದ ಹಾಗೆ ಏನು ಮಾಡಲಿ?

ತುರಹಳ್ಳಿ_ಟ್ರೇಲ್ (ಬೆಂಗಳೂರು)

ಹಳೇ ಟ್ಯೂಬ್ ಉದ್ದಕ್ಕೆ ಸೀಳಿ, ಹಿಂದಿನ ಪೈಪಿಗೆ ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ಜಿಪ್ ಟೈ ಹಾಕಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಅದರ ಅಡಿಯಲ್ಲೇ ನೀರು ನಿಲ್ಲುತ್ತದೆ. ಕೇಬಲ್ ತಾಗುವ ಕಡೆ ಪಾರದರ್ಶಕ ವಿನೈಲ್ ತುಂಡು ಅಂಟಿಸಿ. ಆದರೆ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ.

ಕರಾವಳಿ_ಪೆಡಲ್ (ಉಡುಪಿ)

ಸೀಟಿನ ಕಂಬಕ್ಕೆ, ಬಿಬಿ ಮರೆಗೆ ಗ್ರೀಸ್ ಹಚ್ಚದೆ ಹಾಕಬೇಡಿ. ಬಿಬಿ ಅಡಿಯಲ್ಲಿ ನೀರು ಹೋಗುವ ತೂತು ಇದ್ದರೆ ಬಣ್ಣ ಮುಚ್ಚಿದೆಯಾ ನೋಡಿ, ಮುಚ್ಚಿದ್ದರೆ ಸೂಜಿಯಿಂದ ಬಿಡಿಸಿ.

ಗ್ಯಾರೇಜ್_ಮೈಸೂರು

ಹ್ಯಾಂಡಲ್ ಪೈಪಿನ ಮೇಲಿನ, ಕೆಳಗಿನ ಅಂಚು, ಬಿಬಿಯ ಎರಡು ಅಂಚು, ಚಕ್ರದ ನಟ್ ಕಚ್ಚುವ ಡ್ರಾಪ್‌ಔಟ್ ಮುಖ, ಇಷ್ಟು ಕಡೆ ಬಣ್ಣವನ್ನು ಬ್ಲೇಡಿನಿಂದ ಕೆರೆದು ಲೋಹ ತೆರೆದು, ತೆಳುವಾಗಿ ಗ್ರೀಸ್ ಸವರಿ ಜೋಡಿಸಿ. ಅಲ್ಲಿ ಬಣ್ಣ ಉಳಿದರೆ ಕಪ್ ಓರೆಯಾಗಿ ಕೂರುತ್ತದೆ. ಸವಾರಿ ಮಾಡುತ್ತಾ ಮಾಡುತ್ತಾ ಆ ಪದರ ಜಜ್ಜಿಹೋಗಿ ನಟ್ ಸಡಿಲವಾಗುತ್ತದೆ. ಮೊದಲ ಸವಾರಿ ಮುಗಿಸಿ ಬಂದ ತಕ್ಷಣ ಕಾಟರ್ ಪಿನ್ ನಟ್, ಚಕ್ರದ ನಟ್, ಹ್ಯಾಂಡಲ್ ಕಪ್ ಇನ್ನೊಮ್ಮೆ ಬಿಗಿ ಮಾಡಿ.